ಎರಡೂವರೆ ವರ್ಷ ಜೊತೆಗಿರುವವರು

ಬೆಂಗಳೂರಿನ ಡೈರಿ ಸರ್ಕಲ್ ಬಳಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿಂದ ಹೊಸೂರು ರಸ್ತೆ ಹಿಡಿದು ಸಿಲ್ಕ್ ಬೋರ್ಡ್ ದಾಟಿ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ಹಿಂದೆ ಬಿಟ್ಟರೆ ಬೊಮ್ಮಸಂದ್ರ. ಅಲ್ಲಿನ ನಾರಾಯಣ ಹೆಲ್ತ್ ಸಿಟಿಯೊಳಗೆ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ. ಮೊದಲನೆಯದು 1973ರಿಂದ ನಡೆಯುತ್ತಿರುವ ಸರ್ಕಾರಿ ಸಂಸ್ಥೆ, ಎರಡನೆಯದು 2009ರಲ್ಲಿ ಬಾಗಿಲು ತೆರೆದ ಖಾಸಗಿ ಆಸ್ಪತ್ರೆ. ಇವೆರಡರ ನಡುವಿನ ದಾರಿಯಲ್ಲಿ ಎರಡು ಬಗೆಯ ದುಡಿಮೆಗಾರರು ದಿನವೂ ಓಡಾಡುತ್ತಾರೆ. ಶನಿವಾರ, ಭಾನುವಾರ ರಜೆ ಇರುವವರು ಒಂದು ಬಗೆ. ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಕಳೆದುಕೊಳ್ಳುವವರು ಇನ್ನೊಂದು ಬಗೆ. ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದ ದಿನ ಇಬ್ಬರ ಸಂಕಟವೂ ಒಂದೇ. ಅವರ ದಾರಿ ಬೇರೆಯಾಗುವುದು ಆಮೇಲಿನ ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಯಾರು ಪಕ್ಕದಲ್ಲಿ ಇರುತ್ತಾರೆ ಎಂಬುದರ ಮೇಲೆ ಮಗುವಿನ ಬದುಕು ನಿಂತಿರುತ್ತದೆ.

ಇದು ಉತ್ಪ್ರೇಕ್ಷೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ವರಮಾನದ ಅನೇಕ ದೇಶಗಳಲ್ಲಿ ಮೂವತ್ತು ಮಂದಿಯೂ ಗುಣವಾಗುವುದಿಲ್ಲ. 2030ರೊಳಗೆ ಎಲ್ಲೆಡೆ ಕನಿಷ್ಠ ಅರವತ್ತಾದರೂ ಆಗಬೇಕೆಂದು ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ಈ ಅಂತರಕ್ಕೆ ಔಷಧಿಯ ಕೊರತೆ, ತಡವಾಗಿ ಪತ್ತೆಯಾಗುವುದು ಹೀಗೆ ಹಲವು ಕಾರಣಗಳಿವೆ. ಅವುಗಳಲ್ಲಿ ನಮ್ಮಂಥವರ ಕೈಯಳತೆಯಲ್ಲಿರುವುದು ಒಂದು: ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಹೋಗುವುದು.

ಯಾಕೆ ಬಿಡುತ್ತಾರೆ? ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ರಕ್ತದ ಕ್ಯಾನ್ಸರಿನ ಒಂದು ಬಗೆ, ವೈದ್ಯರು ಎಎಲ್ಎಲ್ ಎನ್ನುವುದು. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ನಾಲ್ಕೈದು ವಾರ ಬಲವಾದ ಕೀಮೋ, ಬೆನ್ನಿಗೆ ಇಂಜೆಕ್ಷನ್, ರಕ್ತಕಣಗಳ ಕೌಂಟ್ ಬೀಳುವುದು, ಪ್ಲೇಟ್‌ಲೆಟ್ ಏರಿಸುವುದು. ಅದು ಮುಗಿಯುವ ಹೊತ್ತಿಗೆ ಬಹಳಷ್ಟು ಮಕ್ಕಳ ರಕ್ತದಲ್ಲಿ ರೋಗದ ಕಣಗಳು ಕಾಣಿಸುವುದೇ ಇಲ್ಲ. ಮಗು ನಗುತ್ತದೆ, ಊಟ ಕೇಳುತ್ತದೆ. ಸಾಲ ಮಾಡಿ ಬಂದಿರುವ ತಂದೆಗೆ, ಊರಲ್ಲಿ ಅತ್ತೆಯ ಬಳಿ ಇನ್ನಿಬ್ಬರು ಮಕ್ಕಳನ್ನು ಬಿಟ್ಟು ಬಂದಿರುವ ತಾಯಿಗೆ ಆಗ ಅನ್ನಿಸುವುದು ಸಹಜವೇ: ಮಗು ಹುಷಾರಾಯಿತಲ್ಲ, ಹೊರಟುಬಿಡೋಣ. ಆದರೆ ಕಣ್ಣಿಗೆ ಕಾಣದಷ್ಟು ಉಳಿದ ರೋಗ ಆರೆಂಟು ತಿಂಗಳಲ್ಲಿ ಮರಳಿ ಬರಬಹುದು, ಆಗ ಅದನ್ನು ಹಿಡಿಯುವುದು ಬಹಳ ಕಷ್ಟ. ಅದಕ್ಕೇ ಕೊನೆಯ ಒಂದೂವರೆ, ಎರಡು ವರ್ಷ ಮೇಂಟೆನೆನ್ಸ್; ದಿನವೂ ಒಂದು ಮಾತ್ರೆ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಆ ವಾರದ ಮಾತ್ರೆಯ ಹಿಂದೆ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಶ್ರಮ ಇದೆ. ಸಿಡ್ನಿ ಫಾರ್ಬರ್ 1948ರಲ್ಲಿ ಬಾಸ್ಟನ್ನಿನ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಇಳಿದದ್ದನ್ನು ಪ್ರಕಟಿಸಿದಾಗ ಬಳಸಿದ್ದ ಔಷಧಿ ಅದೇ ತಂಡದಿಂದ ಬಂದದ್ದು. ಅಷ್ಟು ದೂರ ಬಂದಿರುವ ಔಷಧಿ ಹೆಬ್ಬಗೋಡಿಯ ಬಾಡಿಗೆ ಕೋಣೆಯೊಂದರಲ್ಲಿ ಬುಧವಾರ ಸಂಜೆ ಮರೆತುಹೋಗಬಾರದು.

ಅಲ್ಲೇ ಸ್ವಯಂಸೇವಕರ ಕೆಲಸ ಶುರುವಾಗುವುದು.

ಐಟಿ ಕಂಪನಿಗಳಿಂದ ಮಕ್ಕಳ ವಾರ್ಡಿಗೆ ಬರುವ ಉತ್ಸಾಹಕ್ಕೆ ಒಂದು ಮಾದರಿ ಇದೆ. ಬಲೂನು, ಕೇಕು, ಬಣ್ಣದ ಪೆನ್ಸಿಲು, ಒಂದಷ್ಟು ಫೋಟೊ. ಆ ಮಧ್ಯಾಹ್ನ ಮಕ್ಕಳು ಖುಷಿಪಡುತ್ತಾರೆ, ಅದನ್ನು ಹಗುರ ಮಾಡುವುದು ಬೇಡ. ಆದರೆ ಅದು ಒಂದು ಮಧ್ಯಾಹ್ನ. ಈ ಕುಟುಂಬಗಳಿಗೆ ಬೇಕಿರುವುದು ಮುಂದಿನ ಮಂಗಳವಾರವೂ ಬರುವ ಅದೇ ಮುಖ. ನಾಯಕತ್ವ ಎಂದು ನಾನು ಇಲ್ಲಿ ಕರೆಯುವುದು ಆ ಮುಂದಿನ ಮಂಗಳವಾರವನ್ನು ತಪ್ಪದಂತೆ ನೋಡಿಕೊಳ್ಳುವ ಸಾಮರ್ಥ್ಯವನ್ನು: ಯಾರು ಬರುತ್ತಾರೆ, ಅವರಿಗೆ ನೆಗಡಿಯಾದರೆ ಬದಲಿ ಯಾರು, ಹೊಸಬರಿಗೆ ಏನು ಹೇಳಿಕೊಡಬೇಕು, ಯಾರನ್ನು ಒಳಗೆ ಬಿಡಬಾರದು.

ಕಿದ್ವಾಯಿಯಲ್ಲಿ ಇದನ್ನು ಮಾಡಿ ತೋರಿಸಿದವರು ಸಂಧ್ಯಾ ಶರದ್ ಕಟ್ಟಿದ ಸಮೀಕ್ಷಾ ಫೌಂಡೇಶನ್‌ನವರು. ಚಿಕಿತ್ಸೆಗೆ ಬಂದ ಮಕ್ಕಳಿಗೆ ಆಸ್ಪತ್ರೆಯಲ್ಲೇ ಪಾಠ, ಚಿತ್ರ, ಆಟ; ವರ್ಷಗಟ್ಟಲೆ ಬಿಡದೆ ನಡೆಸಿದ ಕೆಲಸ. ಎರಡು ವರ್ಷ ಶಾಲೆ ತಪ್ಪಿದ ಮಗು ಗುಣವಾದ ಮೇಲೂ ತರಗತಿಗೆ ಹೋಗಲು ಹಿಂಜರಿಯುತ್ತದೆ. ಕೂದಲು ಉದುರಿದ ತಲೆಯನ್ನು ಕಂಡು ಬೇರೆ ಮಕ್ಕಳು ಏನಂದಾರು ಎಂಬ ಅಳುಕು, ಮಗ್ಗಿ ಮರೆತುಹೋಗಿದೆ ಎಂಬ ಅವಮಾನ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪಾಠ ನಡೆಯುತ್ತಿರುವ ಮಗುವಿನ ತಾಯಿಗೆ, ತನ್ನ ಮಗುವಿಗೆ ನಾಳೆ ಎನ್ನುವುದು ಇದೆ ಎಂದು ಬೇರೆಯವರೂ ನಂಬಿದ್ದಾರೆ ಎಂಬುದು ಕಾಣುತ್ತದೆ. ಡಾಕ್ಟರು ಬಾಯಲ್ಲಿ ಹೇಳಿದ್ದಕ್ಕಿಂತ ಮೇಷ್ಟರೊಬ್ಬರು ಮಗ್ಗಿ ಕೇಳುವುದು ಕೆಲವೊಮ್ಮೆ ಹೆಚ್ಚು ಧೈರ್ಯ ಕೊಡುತ್ತದೆ.

ಪೀಣ್ಯದ ಕಡೆಗೆ, ತುಮಕೂರು ರಸ್ತೆಯಲ್ಲಿ, ಇನ್ನೊಂದು ಕಥೆ. ಬೆಂಗಳೂರಿನ ಕೆಲವು ಯುವಕರು 2003ರಲ್ಲಿ ರಕ್ತದಾನಿಗಳನ್ನು ಒಟ್ಟುಮಾಡಲು ಸಂಕಲ್ಪ ಇಂಡಿಯಾ ಫೌಂಡೇಶನ್ ಶುರು ಮಾಡಿದರು. ರಕ್ತ ಹುಡುಕುತ್ತಾ ಹೋದವರಿಗೆ ತಿಂಗಳು ತಿಂಗಳೂ ರಕ್ತ ಬೇಕಾಗುವ ಥಲಸ್ಸೇಮಿಯಾ ಮಕ್ಕಳು ಕಂಡರು. ಆ ಮಕ್ಕಳಿಗೆ ರಕ್ತ ಕೊಡುತ್ತಲೇ ಇರುವುದಕ್ಕಿಂತ ಗುಣಪಡಿಸುವ ದಾರಿ ಬೇಕೆನ್ನಿಸಿತು. 2015ರಲ್ಲಿ ಗೊರಗುಂಟೆಪಾಳ್ಯದ ಪೀಪಲ್ ಟ್ರೀ ಆಸ್ಪತ್ರೆಯಲ್ಲಿ, ಇಟಲಿಯ ಕ್ಯೂರ್ ಟು ಚಿಲ್ಡ್ರನ್ ಸಂಸ್ಥೆಯ ಜೊತೆ ಸೇರಿ, ಮಕ್ಕಳ ಅಸ್ಥಿಮಜ್ಜೆ ಕಸಿ ಘಟಕವನ್ನೇ ತೆರೆದರು. ಥಲಸ್ಸೇಮಿಯಾ ಕ್ಯಾನ್ಸರ್ ಅಲ್ಲ. ಆದರೂ ಇಲ್ಲಿ ಹೇಳಲೇಬೇಕಾದ ಉದಾಹರಣೆ ಇದು. ಬಿಡುವಿನ ವೇಳೆಯ ಕೆಲಸ ಎಂದು ಶುರುವಾದದ್ದು, ಕಂಡ ಕಷ್ಟವನ್ನು ಬಿಡದೆ ಹಿಂಬಾಲಿಸಿದ್ದರಿಂದ, ಹನ್ನೆರಡು ವರ್ಷದಲ್ಲಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಇದು ಪುರಾವೆ.

ರಕ್ತದ ಮಾತು ಬಂದಿದ್ದರಿಂದ ಇನ್ನಷ್ಟು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಹಾಗಾಗಿ ಕಂಪನಿಯ ಸಂಸ್ಥಾಪನಾ ದಿನದಂದು ಮುನ್ನೂರು ಮಂದಿ ಒಟ್ಟಿಗೆ ರಕ್ತ ಕೊಟ್ಟರೆ ಮುಂದಿನ ತಿಂಗಳ ಮಗುವಿಗೆ ಪ್ಲೇಟ್‌ಲೆಟ್ ಸಿಗುವುದಿಲ್ಲ. ಒಬ್ಬರಿಂದಲೇ ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಳ್ಳುವ ಎಸ್‌ಡಿಪಿ ಎಂಬ ವಿಧಾನ ಇದೆ. ಗಂಟೆ, ಎರಡು ಗಂಟೆ ಕೂರಬೇಕು. ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಿಂದ ಮುನ್ನೂರು ಮಂದಿಯ ಹೆಸರು ಬರೆದಿಟ್ಟುಕೊಂಡು, ದಿನಕ್ಕೆ ಒಬ್ಬಿಬ್ಬರಂತೆ ವರ್ಷವಿಡೀ ಕಳುಹಿಸುವ ಒಬ್ಬ ಸಂಚಾಲಕ ಮಾಡುವ ಕೆಲಸಕ್ಕೆ ವೇದಿಕೆ, ಬ್ಯಾನರು ಇರುವುದಿಲ್ಲ. ಆದರೆ ಮೂಗಿನಿಂದ ರಕ್ತ ಸೋರುತ್ತಿರುವ ಮಗುವಿನ ಪಾಲಿಗೆ ಅದೇ ದೊಡ್ಡದು. ಅಸ್ಥಿಮಜ್ಜೆ ಕಸಿಯ ವಿಷಯವೂ ಹೀಗೆಯೇ. ಒಡಹುಟ್ಟಿದ ಒಬ್ಬರು ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಉಳಿದವರಲ್ಲಿ ಅನೇಕರಿಗೆ ಅಪರಿಚಿತ ದಾನಿ ಬೇಕು. ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಜರ್ಮನಿಯ ಡಿಕೆಎಂಎಸ್ ಜೊತೆ ಸೇರಿ ಕಟ್ಟಿದ ಸಂಸ್ಥೆ ದಾನಿಗಳ ಪಟ್ಟಿ ಮಾಡುತ್ತಿದೆ; ನೋಂದಣಿಗೆ ಕೆನ್ನೆಯ ಒಳಭಾಗಕ್ಕೆ ಹತ್ತಿ ಕಡ್ಡಿ ಸವರಿದರೆ ಸಾಕು. ಕಷ್ಟ ಇರುವುದು ಆಮೇಲೆ, ಎಷ್ಟೋ ದಿನ ಕಳೆದು ಕರೆ ಬಂದಾಗ ಅದೇ ದಾನಿ ಹಿಂದೆ ಸರಿಯದೆ ಹೂಂ ಅನ್ನುವುದರಲ್ಲಿ. ಅಲ್ಲಿಯೂ ಜೊತೆಗೆ ಮಾತಾಡುವ ಒಬ್ಬರು ಬೇಕು.

ಬೆಂಗಳೂರಿನ ಈ ಹೊರವಲಯಕ್ಕೆ ಇರುವ ಒಂದು ಶಕ್ತಿಯ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ರಾಯಚೂರು, ಯಾದಗಿರಿಯವರ ಜೊತೆ ಒಡಿಶಾ, ಬಿಹಾರ, ಅಸ್ಸಾಮಿನವರೂ ದುಡಿಯುತ್ತಾರೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಅದೇ ಒಡಿಯಾ, ಮೈಥಿಲಿ, ಅಸ್ಸಾಮಿ ಮಾತಾಡುವ ಎಂಜಿನಿಯರುಗಳಿದ್ದಾರೆ. ‘ಈ ಮಾತ್ರೆ ವಾರಕ್ಕೊಮ್ಮೆ, ದಿನವೂ ಅಲ್ಲ’ ಎಂಬುದನ್ನು ತಾಯಿಯ ಭಾಷೆಯಲ್ಲಿ ಹೇಳಬಲ್ಲ ಒಬ್ಬರು ಫೋನಿನಲ್ಲಿ ಸಿಕ್ಕರೂ ಅನಾಹುತ ತಪ್ಪುತ್ತದೆ. ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿಯನ್ನು ಆಸ್ಪತ್ರೆಯ ಸಮಾಜಕಾರ್ಯ ವಿಭಾಗಕ್ಕೆ ತಲುಪಿಸಲು ಹಣ ಬೇಡ, ಅದನ್ನು ತಿಂಗಳಿಗೊಮ್ಮೆ ತಿದ್ದುವ ಶ್ರದ್ಧೆ ಬೇಕು.

ಇನ್ನೊಂದು, ಕಾಗದಪತ್ರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಕಾರ್ಖಾನೆಯ ಕೆಲಸಗಾರನ ಸಂಬಳ ತಿಂಗಳಿಗೆ 21 ಸಾವಿರ ರೂಪಾಯಿ ಮೀರದಿದ್ದರೆ ಇಎಸ್‌ಐ ಇದೆ, ಮಕ್ಕಳಿಗೂ ಅನ್ವಯಿಸುತ್ತದೆ. ಆದರೆ ಕಾಂಟ್ರಾಕ್ಟರ್ ಕೆಳಗೆ ದುಡಿಯುವ ತಂದೆ ಆಸ್ಪತ್ರೆಯಲ್ಲಿ ಮೂರು ವಾರ ಕೂತರೆ ಹಾಜರಿ ಪುಸ್ತಕದಿಂದ ಅವನ ಹೆಸರು ಹೋಗುತ್ತದೆ. ಹೆಸರು ಹೋದರೆ ವಂತಿಗೆ ನಿಲ್ಲುತ್ತದೆ, ವಂತಿಗೆ ನಿಂತರೆ ಮುಂದೆ ಇಎಸ್‌ಐ ಸೌಲಭ್ಯವೂ ನಿಲ್ಲುತ್ತದೆ. ಮಗುವಿನ ಚಿಕಿತ್ಸೆ ನಡುದಾರಿಯಲ್ಲಿ ಹೀಗೆ ಕೈಬಿಟ್ಟುಹೋಗುವುದುಂಟು. ಐಟಿ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಪಿಎಫ್, ಇಎಸ್‌ಐ ಪೋರ್ಟಲುಗಳು ಅಂಗೈರೇಖೆಯಷ್ಟು ಪರಿಚಿತ. ಅಂಥ ಒಬ್ಬರು ಆ ಕಾಂಟ್ರಾಕ್ಟರಿಗೆ ಫೋನು ಮಾಡಿ, ಆಸ್ಪತ್ರೆಯ ಪತ್ರ ಕಳಿಸಿ, ಹೆಸರು ತೆಗೆಯದಂತೆ ಒಪ್ಪಿಸಿದರೆ ಅದರ ಬೆಲೆ ಲಕ್ಷಗಟ್ಟಲೆ ದೇಣಿಗೆಗೆ ಸಮ. ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿ ಎನ್ನುತ್ತದೆ. ನೌಕರರು ಕೊಟ್ಟ ಗಂಟೆಗಳನ್ನು ಹಣಕ್ಕೆ ಪರಿವರ್ತಿಸಿ ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಆ ಗಂಟೆಗಳು ಕಂಪನಿಯವಲ್ಲ, ಕೊಟ್ಟವರವೇ.

ಜ್ವರದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೀಮೋ ನಡೆಯುತ್ತಿರುವ ಮಗುವಿಗೆ ಕೌಂಟ್ ಬಿದ್ದಾಗ ಜ್ವರ ಬಂದರೆ ಅದು ತುರ್ತು. ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ, ಪಕ್ಕದ ಮೆಡಿಕಲ್ ಶಾಪಿನ ಸಿರಪ್ ಕುಡಿಸಿ ಮಲಗಿಸುವಂತಿಲ್ಲ. ಆಸ್ಪತ್ರೆಗೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಶೀಟಿನ ಮನೆಯ ಸಾಲಿನಲ್ಲಿ ರಾತ್ರಿ ಎರಡು ಗಂಟೆಗೆ ಜ್ವರ ಏರಿದರೆ ತಾಯಿ ಏನು ಮಾಡಬೇಕು? ಶಕ್ತಿ ಯೋಜನೆಯಿಂದ 2023ರ ಜೂನ್ ನಂತರ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ಹಳದಿ ಮೆಟ್ರೊ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೆ ಬಂತು. ಹಗಲಿನ ಫಾಲೋಅಪ್‌ಗೆ ಇವು ದೊಡ್ಡ ಆಸರೆ. ರಾತ್ರಿ ಎರಡಕ್ಕೆ ಎರಡೂ ಸಿಗುವುದಿಲ್ಲ. ಕಾರು ಇರುವ ನಾಲ್ಕು ಮನೆಯವರು ಸರದಿಯ ಮೇಲೆ ಫೋನು ಎತ್ತಿಕೊಳ್ಳುತ್ತೇವೆಂದು ಒಪ್ಪಿದರೆ ಒಂದು ಬಡಾವಣೆಗೆ ಸಾಕು. ಒಪ್ಪಿದವರು ನಿಜವಾಗಿಯೂ ಎತ್ತುವಂತೆ ನೋಡಿಕೊಳ್ಳಲು ಮಾತ್ರ ಒಬ್ಬರು ಬೇಕೇ ಬೇಕು.

ಮಾಡಬಾರದ್ದನ್ನು ಹೇಳುವುದಕ್ಕೂ ಅದೇ ಮನುಷ್ಯ ಬೇಕು. ಕೆಮ್ಮು ನೆಗಡಿ ಇದ್ದವರು ವಾರ್ಡಿಗೆ ಬರಬಾರದು. ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದಿದ್ದರೆ ಬರಲೇಬಾರದು, ಆ ಸೋಂಕು ಈ ಮಕ್ಕಳಿಗೆ ಪ್ರಾಣಾಂತಿಕವಾಗಬಲ್ಲದು. ಮಗುವಿನ ಫೋಟೊ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋಗಬಾರದು. ‘ಏನೂ ಆಗಲ್ಲ ಬಿಡಮ್ಮ’ ಎಂಬ ಭರವಸೆ ಕೊಡಬಾರದು, ಯಾವುದೋ ಎಲೆಯ ರಸದ ಸಲಹೆಯನ್ನೂ ಕೊಡಬಾರದು. ಮನೆ ಖಾಲಿ ಮಾಡಿಸಲು ಬಂದ ಮಾಲೀಕರಿಗೆ, ಈ ರೋಗ ಅಂಟುವುದಿಲ್ಲ ಎಂದು ಕೂತು ವಿವರಿಸುವುದನ್ನಂತೂ ಮಾಡಲೇಬೇಕು.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಇದನ್ನು ಮರೆಮಾಚಿ ಸ್ವಯಂಸೇವಕರನ್ನು ಕರೆಯುವುದು ಅವರಿಗೂ ಕುಟುಂಬಕ್ಕೂ ಮಾಡುವ ಅನ್ಯಾಯ. ಗುಣಪಡಿಸುವ ಚಿಕಿತ್ಸೆ ಮುಗಿದ ಮೇಲೂ ನೋವು ಕಡಿಮೆ ಮಾಡುವ ಚಿಕಿತ್ಸೆ ಉಳಿದಿರುತ್ತದೆ ಎಂದು ಈ ನಗರಕ್ಕೆ ಕಲಿಸಿದ್ದು ಮಾರತಹಳ್ಳಿಯಿಂದ ವೈಟ್‌ಫೀಲ್ಡ್ ಕಡೆ ಹೋಗುವ ದಾರಿಯಲ್ಲಿರುವ ಕರುಣಾಶ್ರಯ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ 1994ರಲ್ಲಿ ಟ್ರಸ್ಟ್ ಮಾಡಿದವು. ಕಿಶೋರ್ ರಾವ್ ಮುಂದೆ ನಿಂತರು. 1999ರಿಂದ ಅಲ್ಲಿ ಹಣ ತೆಗೆದುಕೊಳ್ಳದೆ ಆರೈಕೆ ನಡೆಯುತ್ತಿದೆ. ಸುತ್ತಲಿನ ಬಹುತೇಕ ಐಟಿ ಪಾರ್ಕುಗಳು ಎದ್ದು ನಿಲ್ಲುವ ಮೊದಲೇ ಬೇರೂರಿದ ಸೇವೆ ಅದು. ಮಗು ತೀರಿಕೊಂಡ ಮೇಲೆ ತಾಯಿಗೆ ಮೂರನೆಯ ತಿಂಗಳಲ್ಲಿ ಒಂದು ಫೋನು ಮಾಡುವುದು, ಆ ಮಗುವಿಗೆ ಪಾಠ ಹೇಳಿದ್ದ ಇಪ್ಪತ್ತನಾಲ್ಕರ ಹುಡುಗಿಯನ್ನು ಎರಡು ವಾರ ಬೇರೆ ಕೆಲಸಕ್ಕೆ ಹಾಕಿ ಅವಳ ದುಃಖಕ್ಕೆ ಕಿವಿಗೊಡುವುದು, ಇವೂ ಮುಂದಾಳುವಿನ ಜವಾಬ್ದಾರಿಯೇ.

ಈಗ ನನ್ನ ಮುಖ್ಯ ಆತಂಕ. ಎಂಜಿನಿಯರಿಗೆ ವರ್ಗ ಆಗುತ್ತದೆ, ಕೆಲಸ ಬದಲಾಗುತ್ತದೆ, ಅಮೆರಿಕಕ್ಕೆ ಹೋಗುತ್ತಾರೆ. ಅವರು ಕಟ್ಟಿದ ಗುಂಪು ಎಷ್ಟೋ ಸಲ ಅವರೊಂದಿಗೇ ಮುಗಿಯುತ್ತದೆ. ಚಿಕಿತ್ಸೆ ಎರಡೂವರೆ ವರ್ಷ, ಕಂಪನಿಯೊಂದರಲ್ಲಿ ಅವರ ವಾಸ ಕೆಲವೊಮ್ಮೆ ಅಷ್ಟೂ ಇರುವುದಿಲ್ಲ. ಈ ದಾರಿಯನ್ನು ಕೊನೆತನಕ ನಡೆದು ಮುಗಿಸಿದವರು ಬೇರೆಯೇ ಇದ್ದಾರೆ: ಮಗುವನ್ನು ಉಳಿಸಿಕೊಂಡ ತಂದೆತಾಯಿ. ಯಾವ ಕೌಂಟರಿನಲ್ಲಿ ಯಾವ ಸೀಲು, ಬಾಯಿಹುಣ್ಣಾದ ಮಗುವಿಗೆ ಏನು ತಿನ್ನಿಸಬಹುದು, ಸಾಲಗಾರನಿಗೆ ಏನು ಹೇಳಬೇಕು, ಎಲ್ಲವೂ ಅವರಿಗೆ ಗೊತ್ತು. ಹಲವಾರು ದೇಶಗಳಲ್ಲಿ ಮಕ್ಕಳ ಕ್ಯಾನ್ಸರ್ ಸಂಘಟನೆಗಳನ್ನು ಕಟ್ಟಿದವರು ಹೆಚ್ಚಾಗಿ ತಂದೆತಾಯಿಯರೇ; ಅವರ ಅಂತರರಾಷ್ಟ್ರೀಯ ಒಕ್ಕೂಟ 1994ರಲ್ಲಿ ಹುಟ್ಟಿತು. ನೆರೆಯ ಕೇರಳದ ತ್ರಿಶೂರಿನಲ್ಲಿ ಮಗಳ ರಕ್ತದ ಕ್ಯಾನ್ಸರಿನ ಅನುಭವದಿಂದ ಶೀಬಾ ಅಮೀರ್ ‘ಸೊಲೇಸ್’ ಸಂಸ್ಥೆ ಕಟ್ಟಿದರು. ನಮ್ಮಲ್ಲಿ ಅಂಥ ತಾಯಂದಿರು ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಾರೆ, ತಂದೆಯರು ಪೀಣ್ಯದಲ್ಲಿ ಲೇತ್ ಮುಂದೆ ನಿಂತಿದ್ದಾರೆ. ಅವರನ್ನು ಸಭೆಗೆ ಕರೆದು ಕಣ್ಣೀರಿನ ಕಥೆ ಹೇಳಿಸಿ ಶಾಲು ಹೊದಿಸಿ ಕಳಿಸುವುದು ಬೇಡ. ಸರದಿ ಪಟ್ಟಿಯನ್ನು, ಬೀಗದ ಕೈಯನ್ನು, ಖರ್ಚಿನ ಪುಸ್ತಕವನ್ನು ಅವರ ಕೈಗೆ ಕೊಡಬೇಕು; ಕಂಪ್ಯೂಟರ್ ಬಲ್ಲವರು ಅವರ ಕೆಳಗೆ ಕೆಲಸ ಮಾಡಬೇಕು.

ಅದಕ್ಕೆ ಅವರಿಗೆ ಮೊದಲು ಬೇಕಿರುವುದು ಸಮಯ. ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ ಕೈಗಾರಿಕಾ ಸಂಘಗಳಿವೆ. ಅವುಗಳ ಸದಸ್ಯ ಕಾರ್ಖಾನೆಗಳು ಇಂಥ ಒಬ್ಬ ತಂದೆಗೆ, ಒಬ್ಬ ತಾಯಿಗೆ ತಿಂಗಳಿಗೆ ಎರಡು ದಿನ ಸಂಬಳ ಕಡಿಯದೆ ವಾರ್ಡಿಗೆ ಹೋಗಿಬರಲು ಬಿಟ್ಟರೆ, ಈ ತಿಂಗಳೇ ಶುರು ಮಾಡಬಹುದು.