ತೋಟದ ಜಿಪ್ಸಿ, ಕಾಡಂಚಿನ ಬಿಡಾರ

ಕೊಡಗಿನ ಸಿದ್ದಾಪುರದಿಂದ ಪಾಲಿಬೆಟ್ಟದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ರೊಬಸ್ಟಾ ತೋಟ, ನೆರಳಿನ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ತೋಟದ ಗೇಟು ದಾಟಿದರೆ ಡಾಂಬರು ಮುಗಿಯಿತು. ಒಳಗಿನದು ಮಣ್ಣಿನ ದಾರಿ, ಮಳೆ ಹಿಡಿದ ಮೇಲೆ ಬರೀ ಕೆಸರು. ಗೊಬ್ಬರದ ಮೂಟೆ, ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪೈಪು, ಕೊಯ್ಲಿನ ಕಾಲಕ್ಕೆ ಕಾಫಿ ಹಣ್ಣಿನ ಚೀಲ, ಇಷ್ಟನ್ನೂ ಹೊತ್ತು ಆ ದಾರಿಯಲ್ಲಿ ಓಡಾಡಿದ್ದು ಮಹೀಂದ್ರ ಜೀಪು. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿಯೂ ಬಂತು. 2019ರ ಹೊತ್ತಿಗೆ ಸಾರ್ವಜನಿಕರಿಗೆ ಜಿಪ್ಸಿ ಮಾರಾಟ ನಿಂತುಹೋಯಿತು. ಹಾಗಾಗಿ ಈಗ ಕೈಗೆ ಸಿಗುವ ಜಿಪ್ಸಿಗಳೆಲ್ಲ ಸೆಕೆಂಡ್ ಹ್ಯಾಂಡ್. ಅಂಥದ್ದೊಂದನ್ನು ಕೊಂಡು, ನೆತ್ತಿಗೆ ಡೇರೆ ಕಟ್ಟಿ, ಹಿಂದೆ ಅಡುಗೆ ಪೆಟ್ಟಿಗೆ ಇಟ್ಟು, ಬಿಡಾರ ಹೂಡುವ ಗಾಡಿ ಮಾಡಬೇಕೆಂಬ ಆಸೆ ಅನೇಕರಿಗಿದೆ. ಒಳ್ಳೆಯ ಆಸೆಯೇ. ಆದರೆ ಆ ಗಾಡಿ ಕಚ್ಚಾ ದಾರಿ ಹತ್ತುವುದು ಯಾವ ಬಲದಿಂದ, ಆ ಬಲ ಸೋರಿಹೋಗುವುದು ಎಲ್ಲಿ ಎಂಬುದನ್ನು ಮೊದಲು ತಿಳಿಯಬೇಕು.

ಬಲ ಇರುವುದು ದೊಡ್ಡ ಗೇರ್ ಲಿವರಿನ ಪಕ್ಕದ ಚಿಕ್ಕ ಲಿವರಿನಲ್ಲಿ. ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿನಿಂದ ನೇರ ಚಕ್ರಕ್ಕೆ ಹೋಗದೆ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೇ ಪೆಟ್ಟಿಗೆಯನ್ನು ಹಾದುಹೋಗುತ್ತದೆ. ಅದು ಮಾಡುವ ಕೆಲಸ ಎರಡು. ಮುಂದಿನ ಆಕ್ಸಲಿಗೂ ಶಕ್ತಿ ಕೊಡುವುದು ಒಂದು, ‘ಲೋ’ ಹಾಕಿದಾಗ ಇಡೀ ಗೇರ್ ಶ್ರೇಣಿಯನ್ನೇ ಕೆಳಗಿಳಿಸುವುದು ಇನ್ನೊಂದು. 1.3 ಲೀಟರ್ ಜಿಪ್ಸಿಯ ಫಸ್ಟ್ ಗೇರಿನಲ್ಲಿ ಎಂಜಿನ್ನಿನ ತಿರುಚು ಬಲ ಮಾಮೂಲಾಗಿ ಸುಮಾರು 20 ಪಟ್ಟಾಗಿ ಚಕ್ರ ಸೇರುತ್ತದೆ. ಲೋ ಹಾಕಿದರೆ ಅದು 30 ಪಟ್ಟು ದಾಟುತ್ತದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ಗಾಡಿಯ ವೇಗ ಗಂಟೆಗೆ ಸುಮಾರು 4 ಕಿ.ಮೀ., ಮನುಷ್ಯ ನಡೆಯುವಷ್ಟು. ಚಿಕ್ಕ ಎಂಜಿನ್ನಿನ ಗಾಡಿ ದೊಡ್ಡ ದಿಣ್ಣೆ ಏರುವ ಗುಟ್ಟು ಇದೇ. ಇಳಿಯುವಾಗಲೂ ಕಾಯುವುದು ಇದೇ. ಲೋ ಫಸ್ಟಿನಲ್ಲಿ ಬಿಟ್ಟು, ಕ್ಲಚ್ ತುಳಿಯದೆ, ಬ್ರೇಕಿಗೆ ಆದಷ್ಟು ಕಡಿಮೆ ಕಾಲಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಕೆಸರಿನ ಇಳಿಜಾರಿನಲ್ಲಿ ಬ್ರೇಕು ಒತ್ತಿ ಚಕ್ರ ಕಟ್ಟಿಹಾಕಿದಿರೋ, ಸ್ಟೇರಿಂಗು ಕೈಬಿಟ್ಟಂತೆ.

ಒಂದು ಎಚ್ಚರಿಕೆ. ಇಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು, ಹಿಂದಿನವು ಕಡಿಮೆ. ಮಣ್ಣಿನಲ್ಲಾದರೆ ಚಕ್ರ ಅಷ್ಟು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಇಡೀ ಒತ್ತಡ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ತೋಟದ ಗೇಟು ದಾಟಿ ರಸ್ತೆಗೆ ಬಂದ ಕೂಡಲೇ ಫೋರ್‌ವೀಲ್ ತೆಗೆಯಿರಿ.

ಇನ್ನು ಬಲ ಸೋರುವ ಜಾಗ. ಜಿಪ್ಸಿಯ ತೂಕ ಸುಮಾರು ಒಂದು ಟನ್. ಅದು ಹೊರಬಲ್ಲ ಭಾರ, ಜನರೂ ಸೇರಿ, ಸುಮಾರು ಅರ್ಧ ಟನ್. ಈಗ ಕೂಡಿಸಿ ನೋಡಿ: ಇಬ್ಬರು ಮನುಷ್ಯರು 140 ಕಿಲೋ, ನೀರು 40, ನೆತ್ತಿಯ ಡೇರೆ 60, ಆ ಡೇರೆ ಹೊರಲು ಬೇಕಾದ ಕಬ್ಬಿಣದ ಚೌಕಟ್ಟು 40, ಬಂಪರು ವಿಂಚು 80, ಮರದ ಡ್ರಾಯರು 60, ಫ್ರಿಜ್ಜು ಬ್ಯಾಟರಿ 40, ಕ್ಯಾನಿನಲ್ಲಿ ಪೆಟ್ರೋಲು 15. ಅಲ್ಲಿಗೆ 475 ಕಿಲೋ. ಅಕ್ಕಿ ಬೇಳೆ, ಪಾತ್ರೆ, ಹಾಸಿಗೆ ಇನ್ನೂ ಹತ್ತಿಸಿಯೇ ಇಲ್ಲ!

ಎಷ್ಟು ಭಾರ ಎನ್ನುವಷ್ಟೇ ಎಲ್ಲಿ ಭಾರ ಎನ್ನುವುದೂ ದೊಡ್ಡ ವಿಷಯ. ಜಿಪ್ಸಿಯ ಎಡ ಬಲ ಚಕ್ರಗಳ ನಡುವಿನ ಅಂತರ 130 ಸೆಂ.ಮೀ. ಲೆಕ್ಕಕ್ಕಾಗಿ ಅದರ ಗುರುತ್ವ ಕೇಂದ್ರ ನೆಲದಿಂದ 65 ಸೆಂ.ಮೀ. ಮೇಲಿದೆ ಎಂದುಕೊಳ್ಳೋಣ. ಹಾಗಿದ್ದರೆ ಅದು ಪಕ್ಕಕ್ಕೆ 45 ಡಿಗ್ರಿ ವಾಲಿದಾಗ ಮಗುಚುತ್ತದೆ. ಜನ ಸೇರಿ 1,100 ಕಿಲೋ ಇರುವ ಗಾಡಿಗೆ ಎರಡು ಮೀಟರ್ ಎತ್ತರದಲ್ಲಿ 80 ಕಿಲೋ ಏರಿಸಿ. ಗುರುತ್ವ ಕೇಂದ್ರ 9 ಸೆಂ.ಮೀ. ಮೇಲೇರುತ್ತದೆ, ಮಗುಚುವ ಕೋನ 41 ಡಿಗ್ರಿಗೆ ಇಳಿಯುತ್ತದೆ. ಇದು ನಿಂತ ಗಾಡಿಯ ಲೆಕ್ಕ. ಓಡುವ ಗಾಡಿಯ ಒಂದು ಬದಿಯ ಚಕ್ರ ಗುಂಡಿಗೆ ಬಿದ್ದು ಸ್ಪ್ರಿಂಗು ಅದುಮಿದಾಗ ಅಂಚು ಇನ್ನಷ್ಟು ಹತ್ತಿರವಾಗುತ್ತದೆ. ಕೊಡಗಿನ ಓರೆ ದಾರಿಗಳಲ್ಲಿ ಆ ನಾಲ್ಕು ಡಿಗ್ರಿ ಜೀವದ ಪ್ರಶ್ನೆ. ಆದ್ದರಿಂದ ನೀರು, ಬ್ಯಾಟರಿಯಂಥ ಭಾರದ ಸಾಮಾನನ್ನು ನೆಲಹಾಸಿನ ಮೇಲೆ, ಎರಡು ಆಕ್ಸಲುಗಳ ನಡುವೆ ಕಟ್ಟಿ. ಡೇರೆಯನ್ನು ನೆಲದ ಮೇಲೇ ಹಾಕಿ. ನನ್ನನ್ನು ಕೇಳಿದರೆ ಜಿಪ್ಸಿಯಂಥ ಹಗುರ ಗಾಡಿಗೆ ನೆತ್ತಿಯ ಡೇರೆ ಬೇಡವೇ ಬೇಡ.

ದುಡ್ಡು ಖರ್ಚಿಲ್ಲದ ಉಪಾಯವೊಂದು ಟೈರಿನಲ್ಲಿದೆ. ಟೈರು ನೆಲವನ್ನು ಒತ್ತುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚೂಕಡಿಮೆ ಸಮ. ಒಂದು ಚಕ್ರದ ಮೇಲೆ 275 ಕಿಲೋ ಇದ್ದು, ಗಾಳಿ 28 ಪಿಎಸ್‌ಐ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 140 ಚದರ ಸೆಂ.ಮೀ. 18ಕ್ಕೆ ಇಳಿಸಿದರೆ ಅದು 215ರ ಆಸುಪಾಸಿಗೆ ಹಿಗ್ಗುತ್ತದೆ. ಹಿಡಿತ ಹೆಚ್ಚಿತು, ಹೂಳುವುದು ತಗ್ಗಿತು. ಆದರೆ ಅಷ್ಟು ಗಾಳಿಯಲ್ಲಿ ರಸ್ತೆಯ ಮೇಲೆ ವೇಗವಾಗಿ ಓಡಿಸಿದರೆ ಟೈರಿನ ಪಕ್ಕೆ ಕಾದು ಸೀಳುತ್ತದೆ. ಗಾಳಿ ತುಂಬುವ ಚಿಕ್ಕ ಕಂಪ್ರೆಸರ್ ಗಾಡಿಯಲ್ಲಿರಲಿ. ವಿಂಚಿಗಿಂತ ಹೆಚ್ಚು ಸಲ ಉಪಯೋಗಕ್ಕೆ ಬರುವುದು ಅದೇ.

ಹಳೆಯ ಗಾಡಿ ಕೊಳ್ಳುವವರು ಬಣ್ಣ ನೋಡಬೇಡಿ, ಅಡಿಗೆ ಹೋಗಿ. ಕೈಯಲ್ಲೊಂದು ಚಿಕ್ಕ ಸುತ್ತಿಗೆ, ಸ್ಕ್ರೂಡ್ರೈವರ್ ಇರಲಿ. ಕೊಡಗಿನಲ್ಲಿ ಓಡಿದ ಗಾಡಿಯ ಚಾಸಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಚಾಸಿಯ ಟೊಳ್ಳು ಪಟ್ಟಿಯಲ್ಲಿ ನೀರು ಇಳಿಯಲೆಂದು ಬಿಟ್ಟ ತೂತುಗಳನ್ನು ಕೆಂಪು ಮಣ್ಣು ಮುಚ್ಚಿ, ತೇವ ತಿಂಗಳುಗಟ್ಟಲೆ ಒಳಗೇ ಉಳಿಯುವುದರಿಂದ ಹೀಗಾಗುತ್ತದೆ. ಬ್ಲೇಡ್ ಸೆಟ್ಟನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಕೂತಿರುವ ಜಾಗದಲ್ಲಿ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಪ್ ಎನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಪದರ ಪದರವಾಗಿ ಉದುರುತ್ತದೆ. ಅಂಥ ಗಾಡಿ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಅಲ್ಲೇ ಆಕ್ಸಲಿನ ಹೌಸಿಂಗಿನ ಮೇಲೆ ಬೆರಳುದ್ದದ ಬ್ರೀದರ್, ಅಂದರೆ ಗಾಳಿಯಾಡುವ ಕೊಳವೆ ಇರುತ್ತದೆ. ಓಡಿ ಬಿಸಿಯಾದ ಆಕ್ಸಲು 80 ಡಿಗ್ರಿಯಲ್ಲಿದ್ದು, ತೋಡಿನ ತಣ್ಣೀರಿಗೆ ಇಳಿದು 25ಕ್ಕೆ ಬಂದರೆ, ಬ್ರೀದರ್ ಮುಚ್ಚಿಹೋಗಿದ್ದ ಪಕ್ಷದಲ್ಲಿ ಒಳಗಿನ ಗಾಳಿಯ ಒತ್ತಡ ಸುಮಾರು ಆರನೇ ಒಂದು ಪಾಲು ಕುಸಿಯುತ್ತದೆ. ಆಗ ಆಕ್ಸಲು ಸೀಲಿನ ಸಂದಿಯಿಂದ ನೀರು ಹೀರುತ್ತದೆ. ಬ್ರೀದರ್ ತೆರೆದೇ ಇದ್ದು ನೀರಿನಲ್ಲಿ ಮುಳುಗಿದರೆ ಅದರ ಬಾಯಿಂದಲೇ ಹೀರುತ್ತದೆ. ಗೇರ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಯಿಲು ತಡೆಯುವ ರಬ್ಬರ್ ಪೈಪೊಂದನ್ನು ಬ್ರೀದರಿಗೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದರೆ ಈ ತೊಂದರೆಯೇ ಇಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಖಚಿತಪಡಿಸಿತು. 15 ವರ್ಷ ತುಂಬಿದ ಗಾಡಿಯ ನೋಂದಣಿ ನವೀಕರಿಸಲು ಆರ್‌ಟಿಒ ಮುಂದೆ ತಪಾಸಣೆಗೆ ನಿಲ್ಲಿಸಬೇಕು. ಬಿಚ್ಚಿ ಇಳಿಸಬಹುದಾದ ಪೆಟ್ಟಿಗೆ, ಹಾಸಿಗೆಗಳೇ ಜಾಣತನ. ಚಾಸಿ ಕೊಯ್ದು ಬೆಸೆಯುವ ಕೆಲಸ ಬೇಡ.

ಮಲಗುವ ಜಾಗದ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಪಾಲಿಬೆಟ್ಟ, ಸಿದ್ದಾಪುರ, ತಿತಿಮತಿಯ ತೋಟಗಳಲ್ಲಿ ಆನೆಗಳ ಓಡಾಟ ನಿತ್ಯದ ಸಂಗತಿ. ಹಲಸಿನ ಕಾಲದಲ್ಲಂತೂ ಕೇಳುವುದೇ ಬೇಡ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವುದು ಅಪರಾಧ. ತೋಟದ ಮಾಲೀಕರನ್ನು ಕೇಳಿ, ಲೈನ್ ಮನೆಯ ಕಾರ್ಮಿಕರು ತೋರಿಸಿದ ಬಯಲಲ್ಲಿ, ಜನವಸತಿಯ ಹತ್ತಿರ ಬಿಡಾರ ಹೂಡಿ. ಮುಚ್ಚಿದ ಗಾಡಿಯೊಳಗೆ ಒಲೆಯನ್ನಾಗಲಿ ಕೆಂಡವನ್ನಾಗಲಿ ಇಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರನ್ನು ಅದು ಎಬ್ಬಿಸುವುದಿಲ್ಲ.

ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಿ. ನೀರು ತುಂಬಿಸಿ, ಸಾಮಾನು ಹೇರಿ, ಹೋಗುವವರೆಲ್ಲ ಒಳಗೆ ಕೂತು, ಗಾಡಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ. ತಯಾರಕರು ಹೇಳಿದ ಒಟ್ಟು ತೂಕಕ್ಕಿಂತ ಚೀಟಿಯಲ್ಲಿ ಹೆಚ್ಚು ಬಂದರೆ, ಅಲ್ಲೇ ಒಂದೊಂದಾಗಿ ಇಳಿಸಿ.