ಮರೆವಿನ ರೋಗವೂ ದಾನದ ದಾರಿಯೂ

ದಾನವೆಂದೊಡನೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ಅನ್ನದಾನ. ಅದರ ಹಿಂದೆ ವಿದ್ಯಾದಾನ, ಊರಿನ ದೇವಸ್ಥಾನದ ಜೀರ್ಣೋದ್ಧಾರ, ಕಲಿತ ಶಾಲೆಗೊಂದು ಕೊಠಡಿ. ಹುಟ್ಟಿದೂರನ್ನು ಬಿಟ್ಟು ಬಂದು ವಿಜಯವಾಡದ ಒನ್ ಟೌನಿನಲ್ಲಿಯೂ ವಿಶಾಖಪಟ್ಟಣದ ಒನ್ ಟೌನಿನಲ್ಲಿಯೂ ಒಲೆ ಹೂಡಿ ನಾಲ್ಕು ಕಾಸು ಕಂಡ ನಮ್ಮ ಹೋಟೆಲು ಬಂಧುಗಳು ಇಂತಹ ಕಾರ್ಯಗಳಲ್ಲಿ ಹಿಂದೆ ಬಿದ್ದವರಲ್ಲ. ಇವೆಲ್ಲವೂ ಕಣ್ಣಿಗೆ ಕಾಣುವ ದಾನಗಳು. ಉಂಡವನ ಮುಖದಲ್ಲಿ ತೃಪ್ತಿ ಕಾಣುತ್ತದೆ. ಕೊಠಡಿಯ ಗೋಡೆಯಲ್ಲಿ ದಾನಿಯ ಹೆಸರು ಕಾಣುತ್ತದೆ. ಆದರೆ ಹತ್ತು ವರ್ಷ ಹಣವಿತ್ತರೂ ಫಲ ಕೈಗೆ ಬಂದೇ ತೀರುವುದೆಂಬ ಭರವಸೆಯಿಲ್ಲದ ದಾನವೊಂದುಂಟು. ಅದು ಸಂಶೋಧನೆಗೆ ಕೊಡುವ ದಾನ. ಮುಪ್ಪಿನಲ್ಲಿ ಬರುವ ಮರೆವಿನ ರೋಗದ ಸಂಶೋಧನೆಗಾಗಿ ನಮ್ಮ ಕನ್ನಡ ನಾಡಿನಲ್ಲಿಯೇ ನಡೆದಿರುವ ಅಂತಹ ಒಂದು ದಾನದ ವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತೇವೆ.

ರೋಗದ ಸ್ವರೂಪ

ವಯಸ್ಸಾದಂತೆ ಹೆಸರುಗಳು ನಾಲಗೆಯ ತುದಿಯಲ್ಲಿ ನಿಂತು ಬಾರದಿರುವುದು ಸಹಜ. ಆದರೆ ನಿತ್ಯ ನಡೆಯುವ ದಾರಿಯೇ ಮರೆತುಹೋಗುವುದು, ಹಣದ ಲೆಕ್ಕ ಕೈತಪ್ಪುವುದು, ಹೇಳಿದ್ದನ್ನೇ ಹತ್ತು ಸಲ ಹೇಳುವುದು, ಕಡೆಗೆ ಮಕ್ಕಳ ಗುರುತೂ ಸಿಗದಿರುವುದು ಸಹಜವಾದ ಮುಪ್ಪಲ್ಲ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದಕ್ಕೆ ಕಾರಣವಾದ ರೋಗಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವರ್ಣಿಸಿದುದರಿಂದ ಆ ಹೆಸರು ಬಂದಿತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನರು, ಡಿಮೆನ್ಷಿಯಾ ಪೀಡಿತರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ.

ನಮ್ಮ ಕಸುಬಿನಲ್ಲಿ ಈ ರೋಗಕ್ಕೆ ಬೇರೊಂದು ಹೆಸರಿದೆ: ಸೋಮಾರಿತನ. ಎಂಟು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿನಲ್ಲಿಟ್ಟು ಬಿಲ್ಲು ಹೇಳುತ್ತಿದ್ದ ಸಪ್ಲೈಯರನು ಎರಡು ಮೇಜಿಗೇ ತಡವರಿಸತೊಡಗಿದರೆ, ಹಿಟ್ಟಿಗೆ ಎರಡು ಬಾರಿ ಉಪ್ಪು ಹಾಕಿದ ಅಡಿಗೆಯವನು ಹಾಕಿಯೇ ಇಲ್ಲವೆಂದು ವಾದಿಸಿದರೆ, ಗಲ್ಲಾದ ಮೇಲಿರುವವರು ಗದರಿಸುತ್ತಾರೆ. ಕೆಲವು ತಿಂಗಳು ಸಹಿಸಿ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸುತ್ತಾರೆ. ನಲವತ್ತು ವರ್ಷ ಪರಊರಿನಲ್ಲಿ ದುಡಿದವನಿಗೆ ಊರಿನಲ್ಲಿ ಗುರುತಿನವರು ಕಡಿಮೆ. ಅವನಿಗೂ ಊರಿನ ಗುರುತು ಉಳಿದಿರುವುದಿಲ್ಲ. ಹೀಗೆ ಹೋದವರನ್ನು ನಾವು ಕಂಡಿದ್ದೇವೆ. ಅವರಲ್ಲಿ ಎಷ್ಟು ಮಂದಿ ರೋಗಿಗಳಾಗಿದ್ದರೆಂಬುದನ್ನು ಪರೀಕ್ಷಿಸಿದವರು ಯಾರೂ ಇಲ್ಲ.

225 ಕೋಟಿ ರೂಪಾಯಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ದಾನದಿಂದಲೇ ಹುಟ್ಟಿದುದು. ಜಮ್‌ಷೇಟ್‌ಜಿ ಟಾಟಾ ಅವರು ತಮ್ಮ ಆಸ್ತಿಯ ಒಂದು ಭಾಗವನ್ನು ಅದಕ್ಕಾಗಿ ಮುಡಿಪಿಟ್ಟರು. ಅದು ರೂಪುಗೊಳ್ಳುವುದನ್ನು ಕಾಣದೆಯೇ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಅದೇ ಆವರಣದಲ್ಲಿ 2014ರಲ್ಲಿ ಮಿದುಳು ಸಂಶೋಧನಾ ಕೇಂದ್ರವೊಂದನ್ನು ಕಟ್ಟಲು ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಅವರು ತಮ್ಮ ಪ್ರತೀಕ್ಷಾ ಟ್ರಸ್ಟಿನ ಮೂಲಕ ಹತ್ತು ವರ್ಷಗಳ ಅವಧಿಗೆ 225 ಕೋಟಿ ರೂಪಾಯಿಗಳನ್ನು ಕೊಡಲು ಮುಂದೆ ಬಂದರು. ಮುಂದಿನ ಹತ್ತು ವರ್ಷಗಳಿಗಾಗಿ ಇನ್ನೂ 450 ಕೋಟಿ ಕೊಡುವುದಾಗಿ 2022ರಲ್ಲಿ ಮಾತು ಕೊಟ್ಟರು. ಅದೇ ವರ್ಷ ಜೂನ್ 20ರಂದು ಕೇಂದ್ರದ ಕಟ್ಟಡವನ್ನು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದವರು ವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್.

ಇಲ್ಲಿ ಗಮನಿಸಬೇಕಾದುದು ಮೊತ್ತಕ್ಕಿಂತ ಹೆಚ್ಚಾಗಿ ಅವಧಿ. ಸಾಮಾನ್ಯವಾಗಿ ಸಂಶೋಧನೆಗೆ ದೊರೆಯುವ ಅನುದಾನವು ಎರಡು ಮೂರು ವರ್ಷಗಳದ್ದಾಗಿರುತ್ತದೆ. ಅಷ್ಟರಲ್ಲಿ ವರದಿಯೊಪ್ಪಿಸಬೇಕು, ಮತ್ತೆ ಅರ್ಜಿ ಹಾಕಿ ಕಾಯಬೇಕು. ಮರೆವಿನ ರೋಗವಾದರೋ ಲಕ್ಷಣಗಳು ಹೊರಗೆ ತೋರುವುದಕ್ಕೆ ಹತ್ತು ಹದಿನೈದು ವರ್ಷಗಳ ಹಿಂದೆಯೇ ಮಿದುಳಿನೊಳಗೆ ಬೇರೂರಿರುತ್ತದೆ. ಅದರ ಆರಂಭವನ್ನು ಹಿಡಿಯಬೇಕಾದರೆ ಆರೋಗ್ಯವಂತರನ್ನೇ ಆಯ್ದು, ಅದೇ ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು. ನಡುವೆ ಹಣ ನಿಂತರೆ ತಂಡ ಚದುರುತ್ತದೆ; ಹಿಂದಿನ ಶ್ರಮವೂ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ತಂಡವೆಂದೆವು. ಒಂದು ಮಸಾಲೆ ದೋಸೆಯ ಕೀರ್ತಿ ಭಟ್ಟರಿಗೆ ಸಲ್ಲುವುದಾದರೂ ಅದರ ಹಿಂದೆ ಅಕ್ಕಿ ನೆನೆಸಿದವನು, ಹಿಟ್ಟು ರುಬ್ಬಿದವನು, ತಟ್ಟೆ ತೊಳೆದವನು, ಲೆಕ್ಕ ಬರೆದವನು ಎಲ್ಲರೂ ಇದ್ದಾರಷ್ಟೆ? ಸಂಶೋಧನೆಯೂ ಹಾಗೆಯೇ. ವೈದ್ಯನೊಬ್ಬನಿಂದ ಅದು ಸಾಗದು. ನೆನಪಿನ ಪರೀಕ್ಷೆ ಮಾಡುವ ಮನಃಶಾಸ್ತ್ರಜ್ಞ, ರಕ್ತ ಪರೀಕ್ಷಿಸುವವನು, ಮಿದುಳಿನ ಚಿತ್ರ ತೆಗೆಯುವವನು, ಅಂಕಿಅಂಶಗಳನ್ನು ತಾಳೆ ನೋಡುವವನು, ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿ ಕರೆತರುವವನು, ಇವರೆಲ್ಲರೂ ಬೇಕು. ಇವರೆಲ್ಲರಿಗೂ ತಿಂಗಳ ಸಂಬಳ ಬೇಕು. ದಾನದ ಹಣ ಹೋಗುವುದು ಬಹುಪಾಲು ಇಂತಹ ನಿತ್ಯದ ಖರ್ಚಿಗೆ.

ಶ್ರೀನಿವಾಸಪುರದ ದಾನಿಗಳು

ಈ ಕೇಂದ್ರದ ಮುಖ್ಯ ಕಾರ್ಯವೊಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಯುತ್ತಿದೆ. ಮಾವಿನ ಹಣ್ಣಿಗೆ ಹೆಸರಾದ, ಆಂಧ್ರದ ಗಡಿಗೆ ತಾಗಿಕೊಂಡಿರುವ, ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ತಾಲ್ಲೂಕು ಅದು. ನಲವತ್ತೈದು ವರ್ಷ ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು, ಅವರನ್ನು ವರ್ಷಾನುವರ್ಷ ಪರೀಕ್ಷಿಸುವುದು 2018ರಲ್ಲಿ ಮೊದಲಾದ ಈ ಅಧ್ಯಯನದ ಗುರಿ. ಟಾಟಾ ಟ್ರಸ್ಟುಗಳ ಸಹಾಯದಿಂದ ಬೆಂಗಳೂರು ನಗರವಾಸಿಗಳ ಮೇಲೆಯೂ ಇದಕ್ಕೆ ಜೊತೆಯಾದ ಅಧ್ಯಯನ ನಡೆದಿದೆ.

ಹಳ್ಳಿಯನ್ನು ಏಕೆ ಆರಿಸಬೇಕು? ಈ ರೋಗದ ಕುರಿತು ಲೋಕಕ್ಕೆ ಗೊತ್ತಿರುವುದರಲ್ಲಿ ಬಹುಭಾಗ ಪಾಶ್ಚಾತ್ಯರ ಪರೀಕ್ಷೆಯಿಂದ ಬಂದುದು. ರೋಗಿಗಳಲ್ಲಿ ನೂರಕ್ಕೆ 66 ಮಂದಿ ಹಿಂದುಳಿದ ದೇಶಗಳಲ್ಲಿದ್ದರೂ ಅವರ ಮೇಲೆ ನಡೆದ ಸಂಶೋಧನೆ ನೂರಕ್ಕೆ ಹತ್ತೂ ಇಲ್ಲವೆಂಬುದನ್ನು ಸಾರುವುದಕ್ಕಾಗಿಯೇ 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು ತಮ್ಮ ಕೂಟಕ್ಕೆ ‘10/66’ ಎಂಬ ಹೆಸರನ್ನೇ ಇಟ್ಟರು. ಓದು ಬಾರದ ಮುದುಕಿಗೆ ಅಕ್ಷರ ಓದಿಸಿ ನೆನಪಿನ ಪರೀಕ್ಷೆ ಮಾಡಿದರೆ ಆಕೆ ರೋಗವಿಲ್ಲದೆಯೂ ಸೋಲುತ್ತಾಳೆ. ನಮ್ಮವರ ಊಟ, ದುಡಿಮೆ, ಭಾಷೆ, ವಿದ್ಯೆಗಳಿಗೆ ಹೊಂದುವ ಅಳತೆಗೋಲು ನಮ್ಮಲ್ಲಿಯೇ ಸಿದ್ಧವಾಗಬೇಕು.

ಹೀಗೆ ನೋಡಿದರೆ ಇಲ್ಲಿ ದಾನಿಗಳು ಇಬ್ಬರು. ಕೋಟಿಗಳನ್ನು ಕೊಟ್ಟವರೊಬ್ಬರು. ತಮ್ಮ ರಕ್ತವನ್ನೂ ಸಮಯವನ್ನೂ ಕೊಟ್ಟು, ತಮಗೆ ಇಂದು ಯಾವ ಔಷಧವೂ ಸಿಗದೆಂದು ತಿಳಿದೂ ಮತ್ತೆ ಮತ್ತೆ ಪರೀಕ್ಷೆಗೆ ಕೂರುವ ಶ್ರೀನಿವಾಸಪುರದ ರೈತನೂ ಕೂಲಿಯವಳೂ ಮತ್ತೊಬ್ಬರು. ಈ ಎರಡನೆಯ ದಾನವಿಲ್ಲದಿದ್ದರೆ ಮೊದಲನೆಯದು ಬ್ಯಾಂಕಿನ ಅಂಕಿಯಾಗಿಯೇ ಉಳಿಯುತ್ತಿತ್ತು.

ಎರಡು ಭಾಷೆಯ ಬಲ

ನಮ್ಮಂತಹ ಪ್ರವಾಸಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯವೊಂದುಂಟು. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು 648 ಮಂದಿ ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗವು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ಅಂತರವಿತ್ತು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಗಿರಾಕಿಯೊಡನೆ ತೆಲುಗಿನಲ್ಲಿ ಮಾತನಾಡಿ, ರೈಲಿನ ಪ್ರಯಾಣಿಕನಿಗೆ ಹಿಂದಿಯಲ್ಲಿ ಉತ್ತರಿಸುವ ನಮ್ಮ ಮಾಣಿಗೆ ಇದು ಸಂತೋಷದ ಸಂಗತಿ. ಆದರೆ ಇದು ರೋಗ ಬಾರದೆಂಬ ಅಭಯವಲ್ಲ. ಇತರ ಕಡೆಗಳ ಅಧ್ಯಯನಗಳೆಲ್ಲವೂ ಇದೇ ಫಲವನ್ನು ಕಂಡಿಲ್ಲ. ರೋಗ ಬಂದಾಗ ನಡುವೆ ಕಲಿತ ಭಾಷೆ ಜಾರಿ, ತಾಯಿಯ ನುಡಿಯೊಂದೇ ಉಳಿಯುವುದೂ ಉಂಟು. ತೆಲುಗು ನಾಡಿನ ಆಸ್ಪತ್ರೆಯಲ್ಲಿ ಕನ್ನಡವೊಂದನ್ನೇ ಆಡುವ ಮುದುಕನ ಪಾಡನ್ನು ವಾಚಕರೇ ಊಹಿಸಬಹುದು. ಅವನ ಬಳಿಯಲ್ಲಿ ಕುಳಿತು ಮಾತನಾಡುವ ಒಬ್ಬ ಕನ್ನಡಿಗನೂ ಆಗ ಔಷಧದಷ್ಟೇ ಮುಖ್ಯನು.

ಫಲವೆಲ್ಲಿ?

ಇಷ್ಟು ಕೋಟಿ ಸುರಿದು ರೋಗಕ್ಕೆ ಮದ್ದು ಸಿಕ್ಕಿತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ, ಆ ಹಣದಲ್ಲಿ ಎಷ್ಟು ಎಲೆ ಊಟ ಹಾಕಬಹುದಿತ್ತೆಂದು ಲೆಕ್ಕ ಹಾಕುವುದು ನಮ್ಮ ಕಸುಬಿನ ಗುಣ. ಪೂರ್ಣವಾಗಿ ಗುಣಪಡಿಸುವ ಮದ್ದು ಲೋಕದಲ್ಲಿ ಎಲ್ಲಿಯೂ ಇಲ್ಲ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಎಂಬ ಔಷಧವು ಆಲ್ಝೈಮರ್ ರೋಗದ ಆರಂಭದ ಹಂತದಲ್ಲಿ ಅದರ ವೇಗವನ್ನು ಸ್ವಲ್ಪಮಟ್ಟಿಗೆ ತಗ್ಗಿಸುವುದೇ ಹೊರತು ನಿಲ್ಲಿಸುವುದಿಲ್ಲ. ಆದರೆ ಇಂತಹ ದೀರ್ಘ ಅಧ್ಯಯನಗಳಿಂದ ಬೇರೊಂದು ಫಲ ದೊರೆತಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಮದ್ಯ, ಕಿವುಡು, ದೃಷ್ಟಿದೋಷ, ವಿದ್ಯೆಯ ಕೊರತೆ, ಒಂಟಿತನ ಮುಂತಾಗಿ ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ ಸುಮಾರು ನೂರಕ್ಕೆ 45ರಷ್ಟು ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗಬಹುದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿ 2024ರಲ್ಲಿ ತಿಳಿಸಿತು. ಈ ಪಟ್ಟಿಯಲ್ಲಿ ಎಷ್ಟೊಂದು ನಮ್ಮ ಹೋಟೆಲಿನ ಅಟ್ಟದ ಮೇಲೆಯೇ ವಾಸವಾಗಿವೆಯೆಂಬುದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕರ್ತವ್ಯ

ಕೋಟಿ ಕೊಡುವ ಶಕ್ತಿ ನಮಗಿಲ್ಲ. ಆದರೆ ಮಾಡಬಹುದಾದುದು ಬಹಳವಿದೆ. ಮಾಲೀಕರು ಮರೆಯತೊಡಗಿದ ಹಳೆಯ ನೌಕರನನ್ನು ಊರಿಗೆ ಕಳುಹಿಸುವ ಮುನ್ನ ವೈದ್ಯರಲ್ಲಿಗೆ ಕಳುಹಿಸಲಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನೋವ್ಯಥೆ ಇವುಗಳಿಂದಲೂ ಮರೆವುಂಟಾಗುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಶಾಕಾಹಾರವೇ ಆಹಾರವಾಗಿರುವ ನಮ್ಮವರಲ್ಲಿ ಮೊದಲನೆಯದು ವಿಶೇಷವಾಗಿ ಗಮನಾರ್ಹ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆಗೆ ನೌಕರರಿಗೆ ಅರ್ಧ ದಿನದ ರಜೆ ಕೊಡುವುದು ಮಾಲೀಕರಿಗೆ ಭಾರವಾಗದು. ಗುಮಾಸ್ತ ಮಿತ್ರರು ಓದು ಬಾರದ ಜೊತೆಗಾರರಿಗೆ ಅಕ್ಷರ ಕಲಿಸಲಿ.

ಇನ್ನು ನಮ್ಮ ಸಂಘಗಳು ಪ್ರತಿವರ್ಷ ಎತ್ತುವ ದೇಣಿಗೆಯಲ್ಲಿ ನೂರಕ್ಕೆ ಒಂದು ರೂಪಾಯಿಯನ್ನಾದರೂ ಇಂತಹ ರೋಗದ ಸಂಶೋಧನೆಗೋ ರೋಗಿಗಳ ಶುಶ್ರೂಷೆಗೋ ಮೀಸಲಿಡಲಿ. ಒಂದು ವರ್ಷ ಕೊಟ್ಟು ಕೈತೊಳೆದುಕೊಳ್ಳದೆ ಹತ್ತು ವರ್ಷ ತಪ್ಪದೆ ಕೊಡಲಿ. ಮೊತ್ತ ಸಣ್ಣದಾದರೂ ಬರುವುದೆಂಬ ನಂಬಿಕೆಯಿದ್ದರೆ ಅದರ ಮೇಲೆ ಒಬ್ಬನ ಕೆಲಸ ನಿಲ್ಲುತ್ತದೆ. ನಮ್ಮ ಆರ್ಡರನ್ನು ನಲವತ್ತು ವರ್ಷ ನೆನಪಿಟ್ಟವರ ನೆನಪಿಗಾಗಿ ನಾವು ಅಷ್ಟನ್ನಾದರೂ ಮಾಡಬೇಕಾದುದು ಧರ್ಮವೆಂದು ನಮ್ಮ ಅಭಿಪ್ರಾಯ.