ಮಗ್ಗದ ಕಣ್ಣಿಗೂ ಒಂದು ಕ್ಯಾಂಪು ಬೇಕು

ಚಳ್ಳಕೆರೆ ಸೀಮೆಯ ಯಾವುದೇ ಕಣ್ಣಿನ ಕ್ಯಾಂಪಿಗೆ ಹೋದರೂ ಸಾಲಿನಲ್ಲಿ ಕೂತವರಲ್ಲಿ ವಯಸ್ಸಾದವರೇ ಹೆಚ್ಚು. ಶೇಂಗಾ ಹೊಲದಲ್ಲಿ, ಕುರಿಹಿಂಡಿನ ಹಿಂದೆ, ನೆರಳಿಲ್ಲದ ಬಯಲಿನಲ್ಲಿ ಆಯುಸ್ಸು ಸವೆಸಿದವರು. ‘ಪೊರೆ ಇನ್ನೂ ಬಲಿತಿಲ್ಲ, ಮುಂದಿನ ವರ್ಷ ನೋಡೋಣ’ ಎಂದು ಮನೆಯವರು ಮುಂದೂಡುತ್ತ ಬಂದಿರುತ್ತಾರೆ. ಬಲಿಯುವವರೆಗೆ ಕಾಯಬೇಕೆಂಬುದು ಹಳೆಯ ಕಾಲದ ಮಾತು. ಕಣ್ಣೊಳಗೇ ಕೃತಕ ಲೆನ್ಸ್ ಕೂರಿಸುವ ಈಗಿನ ಶಸ್ತ್ರಚಿಕಿತ್ಸೆಗೆ ಅದು ಬೇಕಿಲ್ಲ. ಕಾದಷ್ಟೂ ತೊಡಕೇ ಹೆಚ್ಚು.

ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಐವತ್ತು ದಾಟಿದವರ ಅಂಧತ್ವದಲ್ಲಿ ಶೇ 66ರಷ್ಟಕ್ಕೆ ಪೊರೆಯೇ ಕಾರಣ. ಅಂದರೆ ಕುರುಡಾದ ಮೂವರಲ್ಲಿ ಇಬ್ಬರದು ತೆಗೆದುಹಾಕಬಹುದಾದ ಕುರುಡು.

ಇದನ್ನು ಕನ್ನಡ ನಾಡಿಗೆ ಮನಗಾಣಿಸಿದವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ರೋಗಿ ಪಟ್ಟಣಕ್ಕೆ ಬರಲಾರ, ವೈದ್ಯನೇ ಹಳ್ಳಿಗೆ ಹೋಗಬೇಕು ಎಂದು ಹೊರಟವರು 1940ರ ದಶಕದಿಂದ ಊರೂರಿನಲ್ಲಿ ಸಾಮೂಹಿಕ ಶಿಬಿರ ನಡೆಸಿದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆಯನ್ನು ಇಂದಿಗೂ ಜನ ಬೆರಗಿನಿಂದ ಹೇಳುತ್ತಾರೆ. ಆಗ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿ. ಅದು ಒಡೆದರೆ ಮತ್ತೆ ಕತ್ತಲೆ.

ಈಗ ಶಾಲೆ, ಛತ್ರಗಳಲ್ಲಿ ಕಣ್ಣು ಕೊಯ್ಯುವುದಿಲ್ಲ. ಸೋಂಕಿನ ಭಯ ಆ ಪದ್ಧತಿಯನ್ನು ನಿಲ್ಲಿಸಿತು, ನಿಂತದ್ದೇ ಒಳ್ಳೆಯದಾಯಿತು. ಊರಿನಲ್ಲಿ ತಪಾಸಣೆ ಮಾತ್ರ. ಟಾರ್ಚ್ ಬಿಟ್ಟು ನೋಡುತ್ತಾರೆ, ಬಿ.ಪಿ., ಶುಗರ್ ಅಳೆಯುತ್ತಾರೆ, ತೇರ್ಗಡೆಯಾದವರನ್ನು ವಾಹನದಲ್ಲಿ ಆಸ್ಪತ್ರೆಗೆ ಒಯ್ಯುತ್ತಾರೆ. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ, ಔಷಧಿ ಹನಿ ಕೊಟ್ಟು, ‘ತಲೆಗೆ ನೀರು ಹಾಕಬೇಡಿ, ಕಣ್ಣು ಉಜ್ಜಬೇಡಿ’ ಎಂದು ಕಳಿಸುತ್ತಾರೆ. ಶುಗರ್ ಏರಿದವರು ಮಾತ್ರ ಕೈಚೀಲ ಹಿಡಿದು ಬಂದ ದಾರಿಗೇ ಮರಳಬೇಕು. ಅವರನ್ನು ಮತ್ತೆ ಕರೆತರುವವರು ಯಾರು ಎಂಬಲ್ಲೇ ಅನೇಕ ಕ್ಯಾಂಪುಗಳ ಕಥೆ ಮುಗಿಯುತ್ತದೆ.

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಕಡೆಯವರಿಗೆ ಪಕ್ಕದ ಪಾವಗಡದಲ್ಲಿ ಒಂದು ಆಸರೆಯಿದೆ. ಸ್ವಾಮಿ ಜಪಾನಂದರ ಶ್ರೀರಾಮಕೃಷ್ಣ ಸೇವಾಶ್ರಮ ಕುಷ್ಠ, ಕ್ಷಯ ರೋಗಿಗಳ ಸೇವೆಗೆ ಹೆಸರಾದದ್ದು. ಅದೇ ಅಂಗಳದಿಂದ ಬೆಳೆದದ್ದು ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ. ಬಡವರಿಗೆ ಅಲ್ಲಿ ಉಚಿತ ಶಸ್ತ್ರಚಿಕಿತ್ಸೆ. ಗಡಿ ದಾಟಿ ಬರುವ ಆಂಧ್ರದ ಹಳ್ಳಿಗರೂ ಅಲ್ಲಿನ ರೋಗಿಗಳೇ. ಮೊಳಕಾಲ್ಮೂರಿನವರಿಗೋ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ.

ಪೊರೆಯ ಲೆಕ್ಕ ಬರೆಯುವುದು ಸುಲಭ. ಬರೆಯದೆ ಉಳಿಯುವುದು ಬೇರೆಯೇ ಇದೆ. ಈ ಬಯಲಿನ ತುಂಬ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು, ಒಕ್ಕಣೆಯ ಹೊಟ್ಟು ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲೆ ಶಿಲೀಂಧ್ರದ ಹುಣ್ಣಾಗಬಹುದು. ಮನೆಮದ್ದೆಂದು ಹಾಲು, ಎಣ್ಣೆ, ಸೊಪ್ಪಿನ ರಸ ಬಿಟ್ಟು ನಾಲ್ಕು ದಿನ ಕಾದರೆ ಬಿಳಿ ಕಲೆ ಕೂರುತ್ತದೆ, ದುಡಿಯುವ ವಯಸ್ಸಿನವರ ಒಂದು ಕಣ್ಣು ಹೋಗುತ್ತದೆ.

ಇನ್ನು ಮೊಳಕಾಲ್ಮೂರು ರೇಷ್ಮೆ ಸೀರೆ. ಹೆಸರಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ಅಂಗಡಿಯಲ್ಲಿ ಬೆಲೆಯಿದೆ. ಆದರೆ ಕೂದಲೆಳೆಯಂಥ ನೂಲು ಕಡಿದಾಗ ಹುಡುಕಿ ಗಂಟು ಹಾಕಬೇಕಾದ ನೇಕಾರನಿಗೆ ನಲವತ್ತರ ಆಚೆಗೆ ಹತ್ತಿರದ್ದು ಮಸುಕು. ಅದು ರೋಗವಲ್ಲ, ಎಲ್ಲರಿಗೂ ಬರುವ ಚಾಳೀಸು. ಕ್ಯಾಂಪಿನ ಪಟ್ಟಿಯಲ್ಲಿ ಅವನಿಗೆ ಜಾಗವಿಲ್ಲ, ಏಕೆಂದರೆ ಕೊಯ್ಯಲು ಅವನಲ್ಲಿ ಏನೂ ಇಲ್ಲ! ಅಸ್ಸಾಮಿನ ಚಹಾ ತೋಟದ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕ ಸಿಗದವರಿಗಿಂತ ಸಿಕ್ಕವರ ದುಡಿಮೆ ಸುಮಾರು ಶೇ 22ರಷ್ಟು ಮೇಲಕ್ಕೇರಿತು. ಚಹಾ ಎಲೆಗೇ ಹಾಗಾದರೆ ಜರಿಯಂಚಿಗೆ?

2024ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಆಶಾಕಿರಣ’ ಯೋಜನೆ ಮನೆಬಾಗಿಲಲ್ಲೇ ತಪಾಸಣೆ ಮಾಡಿ ಕನ್ನಡಕ ಕೊಡುವ ಮಾತನ್ನಾಡಿದೆ, ದಿಕ್ಕು ಸರಿಯಿದೆ. ಕ್ಯಾಂಪು ಏರ್ಪಡಿಸುವ ಸಂಘ, ಮಠ, ಟ್ರಸ್ಟುಗಳವರಲ್ಲಿ ಕೇಳುವುದಿಷ್ಟೆ: ಮುಂದಿನ ಸಲ ಬ್ಯಾನರ್ ಕಟ್ಟುವ ಮೊದಲು ಶೇಂಗಾ ಕೀಳುವ ಹಂಗಾಮು ಮುಗಿದಿದೆಯೇ ನೋಡಿ, ಶುಗರ್ ಹೆಚ್ಚೆಂದು ವಾಪಸು ಕಳಿಸಿದವರ ಹೆಸರು ಬರೆದಿಟ್ಟುಕೊಳ್ಳಿ, ಹತ್ತಿರದ ಕನ್ನಡಕಗಳ ಒಂದು ಪೆಟ್ಟಿಗೆಯನ್ನು ಮಗ್ಗದ ಕೇರಿಗೂ ಒಯ್ಯಿರಿ.